ಸಹಾಯ ಬೇಕು: ಅಪ್ಪನ ಅಂಗಾಲಿನ ಗಾಯದ ಅಂಚು ಬೆಳ್ಳಗಾಗ್ತಿದೆ

ಅಪ್ಪನಿಗೆ 67 ವರ್ಷ, ಶುಗರ್ ಇದೆ. ಅಂಗಾಲಿನ ಹುಣ್ಣು ಕೊಳೆತು, 18 ದಿನದ ಹಿಂದೆ ಆಪರೇಷನ್ ಮಾಡಿ ಸತ್ತ ಮಾಂಸ ತೆಗೆದ್ರು. ಈಗ ಮನೇಲಿ ನಾನೇ ದಿನಾ ಸಲೈನ್‌ನಲ್ಲಿ ತೊಳೆದು, ಒದ್ದೆ ಗಾಜ್ (ಗಾಯಕ್ಕೆ ಇಡೋ ತೆಳು ಬಟ್ಟೆ) ಇಟ್ಟು, ಮೇಲೆ ಒಣ ಬ್ಯಾಂಡೇಜ್ ಸುತ್ತುತ್ತೀನಿ. ಒಳಗೆ ಕೆಂಪಗೆ ಹೊಸ ಮಾಂಸ ಬರ್ತಿದೆ, ನೋಡಿ ಜೀವ ಬಂದಂಗಾಯ್ತು.

ಆದರೆ ಮೂರು ದಿನದಿಂದ ಅಂಚಿನ ಚರ್ಮ, ತುಂಬಾ ಹೊತ್ತು ಬಟ್ಟೆ ಒಗೆದ ಬೆರಳಿನ ಹಾಗೆ, ಬೆಳ್ಳಗೆ ಮೆತ್ತಗಾಗಿದೆ. ವಾಸನೆ ಇಲ್ಲ, ಜ್ವರ ಇಲ್ಲ. ಗಾಜ್ ಚೆನ್ನಾಗಿ ಹಿಂಡಿ ಇಟ್ಟೆ, ಹಾಗೇ ಇದೆ. ಆ ಕಾಲಲ್ಲಿ ಅವರಿಗೆ ಸ್ಪರ್ಶವೇ ಗೊತ್ತಾಗಲ್ಲ, ನೋವಿಲ್ಲ ಅಂದ್ರೂ ನಂಬೋಕೆ ಭಯ. ಚಿಕ್ಕಪ್ಪ ಅರಿಶಿನ ಹಾಕು ಅಂತಾರೆ, ನಾನು ಒಪ್ಪಿಲ್ಲ.

ಡಾಕ್ಟರ್ ಬರಹೇಳಿರೋದು ಸೋಮವಾರ. ಇಂಥ ಗಾಯ ನೋಡಿಕೊಂಡವರು, ನರ್ಸ್‌ಗಳು ದಯವಿಟ್ಟು ಹೇಳಿ: ಇದು ತೇವ ಜಾಸ್ತಿಯಾಗಿ ಬಂದಿದ್ದಾ? ಸೋಮವಾರದವರೆಗೆ ಕಾಯಬಹುದಾ, ನಾಳೆಯೇ ಕರ್ಕೊಂಡು ಹೋಗಬೇಕಾ?