ಸಹಾಯ ಬೇಕು: ಚಾರಣಕ್ಕೆ ಹಗುರವಾದ, ಪ್ರೋಟೀನ್ ಇರೋ ಊಟ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ನನ್ನ ತಂಗಿ ಉತ್ತರಾಖಂಡದ ಹರ್ ಕಿ ದೂನ್‌ಗೆ ಹೊರಟಿದ್ದೀವಿ. ಐದಾರು ದಿನದ ನಡಿಗೆ. ಊಟ, ಸಣ್ಣ ಗ್ಯಾಸ್ ಸ್ಟವ್ ಎಲ್ಲಾ ನಾವೇ ಹೊರಬೇಕು. ತಲೆಗೆ ದಿನಕ್ಕೆ 600-700 ಗ್ರಾಂ ಒಣ ಆಹಾರ ಅಂತ ಲೆಕ್ಕ ಹಾಕಿದ್ದೀನಿ.

ಪಿಷ್ಟದ ಚಿಂತೆ ಇಲ್ಲ. ಅವಲಕ್ಕಿ, ಹುರಿಹಿಟ್ಟು-ಬೆಲ್ಲ, ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ ಇದೆ. ತೊಂದರೆ ಇರೋದು ಪ್ರೋಟೀನ್‌ದು. 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತೆ, ಕುಕ್ಕರ್ ಇಲ್ಲದೆ ಬೇಳೆ ಬೇಯೋಕೆ ಗ್ಯಾಸೆಲ್ಲ ಖಾಲಿ. ಶೇಂಗಾ ಜಾಸ್ತಿ ತಿಂದ್ರೆ ತಂಗಿಗೆ ಎದೆಯುರಿ. ಸೋಯಾ ಚಂಕ್ಸ್ ಮನೇಲಿ ಬಿಸಿನೀರಲ್ಲಿ ನೆನೆಸಿ, ಹಿಂಡಿ, ಚಟ್ನಿಪುಡಿ-ಎಣ್ಣೆ ಕಲಸಿ ನೋಡಿದೆ. ನನಗೆ ಹಿಡಿಸ್ತು, ಅವಳು ಮುಟ್ಟಲಿಲ್ಲ.

ಈಗ ಉಳಿದಿರೋದು ಕೋಸಂಬರಿ. ಹೆಸರುಬೇಳೆಯನ್ನ ಅಗಲ ಬಾಯಿಯ ಬಾಟಲಿಗೆ ಹಾಕಿ, ನೀರು ತುಂಬಿ, ನಡೀತಾ ನಡೀತಾ ನೆನೆಸಿ, ಮಧ್ಯಾಹ್ನ ಉಪ್ಪು, ಮೆಣಸಿನಪುಡಿ ಹಾಕಿ ತಿನ್ನೋದು. ಬೆಂಗಳೂರಲ್ಲಿ ಗಂಟೆಯೊಳಗೆ ನೆನೆಯುತ್ತೆ. ಅಲ್ಲಿನ ತಣ್ಣೀರಲ್ಲಿ?

ಹಿಮಾಲಯದಲ್ಲಿ ಹೀಗೆ ಮಾಡಿದೋರು ಯಾರಾದ್ರೂ ಇದ್ದೀರಾ? ಬೇಳೆ ಎಷ್ಟು ಹೊತ್ತು ನೆನೆಸಬೇಕು, ಹಸಿ ಬೇಳೆ ಅಷ್ಟು ಎತ್ತರದಲ್ಲಿ ಹೊಟ್ಟೆಗೆ ಒಗ್ಗುತ್ತಾ? ಇಲ್ಲಾಂದ್ರೆ ಶೇಂಗಾ, ಸೋಯಾ ಬಿಟ್ಟು ಬರೀ ಬಿಸಿನೀರಲ್ಲಿ ಆಗೋ ಬೇರೆ ಪ್ರೋಟೀನ್ ಯಾವುದು?