ಮಾಂಡೋವಿ ಮೇಲೆ ಸಂಜೆ ಬೋಟ್: ಬಾರ್ ಇಲ್ಲದ ಒಂದು ಟ್ರಿಪ್ ಇಟ್ಟರೆ ಏನು ಕಷ್ಟ?

ಹುಬ್ಬಳ್ಳಿ ಹುಡುಗಿ
ಹೋದ ವಾರ ಅಪ್ಪ, ಅಮ್ಮ, ಅಣ್ಣನ ಮಗಳನ್ನು ಕರೆದುಕೊಂಡು ಪಣಜಿಗೆ ಹೋಗಿದ್ದೆ. ಸಂಜೆ ಮಾಂಡೋವಿ ನದಿಯ ಕ್ರೂಸ್ ಬೋಟ್ ಹತ್ತಿದೆವು. ಒಂದು ಗಂಟೆಯ ಸುತ್ತು. ಯಾರ ಬೋಟ್ ಅಂತ ಹೆಸರು ಹೇಳುವುದಿಲ್ಲ. ಮೇಲಿನ ಡೆಕ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ, ಮುಂದೆ ಸಣ್ಣ ಸ್ಟೇಜ್, ಹಿಂದೆ ಬಾರ್ ಕೌಂಟರ್. ಹೊರಟು ಹತ್ತು ನಿಮಿಷ ಆಗಿರಲಿಲ್ಲ, ಪಕ್ಕದ ಹುಡುಗನ ಬಿಯರ್ ಗ್ಲಾಸ್ ಅಪ್ಪನ ಮೇಲೆ ಮಗುಚಿತು. ಪಂಚೆ ಪೂರ್ತಿ ಒದ್ದೆ. ಅವನು "ಸಾರಿ ಅಂಕಲ್" ಅಂದ, ಮತ್ತೆ ಕುಣಿಯಲು ಹೋದ. ಅಪ್ಪ ಒಂದು ಮಾತೂ ಆಡಲಿಲ್ಲ. ಕರ್ಚೀಫ್ ತೆಗೆದು ಒರೆಸಿಕೊಂಡು ನದಿ ಕಡೆ ತಿರುಗಿ ಕೂತರು. ಅದು ನನ್ನ ಕಣ್ಣಿಂದ ಹೋಗುತ್ತಿಲ್ಲ.

ನದಿ ಮಾತ್ರ ನೋಡಲು ಎರಡು ಕಣ್ಣು ಸಾಲದು. ಬಲಗಡೆ ರೇಸ್ ಮಾಗೋಸ್ ಕೋಟೆ, ಎದುರಿಗೆ ಸಮುದ್ರಕ್ಕೆ ಇಳಿಯುವ ಸೂರ್ಯ. ಆದರೆ ಡಿಜೆ ಮೊದಲು ಮಕ್ಕಳನ್ನು ಕರೆದ, ಆಮೇಲೆ ಜೋಡಿಗಳನ್ನು, ಆಮೇಲೆ "ಓನ್ಲಿ ಜೆಂಟ್ಸ್". ಗೋವಾದ ಜಾನಪದ ದೇಖ್ನಿ, ಫುಗಡಿ ಕುಣಿತ ಹತ್ತು ನಿಮಿಷಕ್ಕೆ ಮುಗಿಯಿತು. ಕುಡಿಯುವವರು ಕುಡಿಯಲಿ. ದಿನಕ್ಕೆ ಒಂದು ಟ್ರಿಪ್ ಆದರೂ ಬಾರ್ ಮುಚ್ಚಿ ಓಡಿಸಲಿ. ಅಷ್ಟೇ ನನ್ನ ಬೇಡಿಕೆ.

ಬೈಕ್ ಸವಾರ, ಬೆಂಗಳೂರು
ಗೋವಾಕ್ಕೆ ಹೋಗಿ ಬಾರ್ ಮುಚ್ಚಿ ಅಂದರೆ ಹೇಗೆ? ದುಡ್ಡು ಕೊಟ್ಟು ಹತ್ತಿದ್ದೇವೆ. ಆಫೀಸ್‌ನಲ್ಲಿ ಐದು ದಿನ ದುಡಿದು, ರಾತ್ರಿಯೆಲ್ಲ ಬಸ್‌ನಲ್ಲಿ ಕೂತು ಬರುತ್ತೇವೆ. ಒಂದು ತಣ್ಣನೆ ಬಿಯರ್ ಹಿಡಿದು ಸೂರ್ಯ ಮುಳುಗುವುದನ್ನು ನೋಡಿದರೆ ಯಾರ ಗಂಟು ಹೋಯಿತು? ನಾನು ಮೂರು ಸಲ ಹೋಗಿದ್ದೇನೆ. ಒಂದು ಸಲವೂ ಜಗಳ ನೋಡಿಲ್ಲ.

ಕಾರವಾರದವ
"ಮತ್ತೆ ಕುಣಿಯಲು ಹೋದ" ಅಂತ ಬರೆದಿದ್ದೀರಿ ನೋಡಿ, ಅಲ್ಲೇ ಇರುವುದು ವಿಷಯ. ಪಂಚೆ ಒಗೆದರೆ ಸರಿಹೋಗುತ್ತದೆ. ಮೇಲಿನ ಡೆಕ್‌ನಲ್ಲಿ ನೂರು ಜನ ಒಂದೇ ಕಡೆ ನುಗ್ಗಿದರೆ ಏನಾಗುತ್ತದೆ? ಯಾರಿಗಾದರೂ ಲೈಫ್ ಜಾಕೆಟ್ ಹಾಕಿಸಿದರಾ? 2019ರ ಜನವರಿಯಲ್ಲಿ ನಮ್ಮ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ವಾಪಸ್ ಬರುವಾಗ ದೋಣಿ ಮಗುಚಿ 16 ಜನ ಹೋದರು. ಅವರು ಯಾರೂ ಕುಡಿದಿರಲಿಲ್ಲ, ಕುಣಿದಿರಲಿಲ್ಲ. ದೇವರಿಗೆ ಕೈ ಮುಗಿದು ಬರುತ್ತಿದ್ದರು. ಹಾಗಿದ್ದೂ ಹೋದರು.

ಬೈಕ್ ಸವಾರ, ಬೆಂಗಳೂರು
ಕಾರವಾರದವರೇ, ನೀವೇ ಹೇಳಿದಿರಿ, ಅವರು ಕುಡಿದಿರಲಿಲ್ಲ ಅಂತ. ಅಂದರೆ ಕುಡಿತಕ್ಕೂ ಅಪಘಾತಕ್ಕೂ ಸಂಬಂಧ ಇಲ್ಲ. ಥ್ಯಾಂಕ್ಸ್.

ಕಾರವಾರದವ
ಸತ್ತವರ ಲೆಕ್ಕ ಹಿಡಿದು ಗೆಲ್ಲಲು ಬರಬೇಡಿ. ನನ್ನ ಪ್ರಶ್ನೆ ಜಾಕೆಟ್ ಬಗ್ಗೆ. ಅದಕ್ಕೆ ಉತ್ತರ ಕೊಡಿ.

ನವಲಗುಂದ ರೈತನ ಮಗ
ತಂಗಿ, ನೀನು ಹುಬ್ಬಳ್ಳಿಯವಳು. ನೀನೂ "ಮಾಂಡೋವಿ ನದಿ" ಅಂತ ಬರೆದರೆ ಹೇಗೆ? ಅದು ಮಹದಾಯಿ. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟುವ ನಮ್ಮ ನದಿ. ಅದರ ನೀರಿಗಾಗಿ ನಮ್ಮವರು 2015ರಿಂದ ನರಗುಂದ, ನವಲಗುಂದದಲ್ಲಿ ಧರಣಿ ಕೂತು ಲಾಠಿ ಏಟು ತಿಂದಿದ್ದಾರೆ. ಆ ನೀರಿನ ಮೇಲೆ ಬಾರ್ ಬೇಕಾ ಬೇಡವಾ ಅಂತ ಮಾತಾಡುತ್ತಾ ಕೂತಿದ್ದೀರಿ.

ಪಣಜಿ ಕನ್ನಡಿಗ
ಇಪ್ಪತ್ತೆರಡು ವರ್ಷದಿಂದ ಪಣಜಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ. "ನಮ್ಮ ನದಿ" ಅಂತೀರಲ್ಲ, ನದಿಗೆ ಊರೂರಿಗೆ ಒಂದು ಹೆಸರು ಇರುತ್ತದೆ ಸ್ವಾಮಿ. ಮೇಲೆ ಸತ್ತರಿ ತಾಲ್ಲೂಕಿನ ಕಡೆ ಗೋವಾದವರೂ ಮ್ಹಾದಯಿ ಅಂತಲೇ ಕರೆಯುತ್ತಾರೆ. ಕೆಳಗೆ ಬಂದರೆ ಮಾಂಡೋವಿ. ಇಲ್ಲಿನ ಸೇತುವೆ ಮಾಂಡೋವಿ ಸೇತುವೆ. ಟಿಕೆಟ್ ಮೇಲೆ ಇರುವುದೂ ಮಾಂಡೋವಿ. ಆ ಹುಡುಗಿ ಸರಿಯಾಗಿಯೇ ಬರೆದಿದ್ದಾಳೆ.

ನವಲಗುಂದ ರೈತನ ಮಗ
ಟಿಕೆಟ್ ಮೇಲೆ ಇರುವುದು ನಿಮಗೆ ಪುರಾವೆ ಆಯ್ತಾ? 2010ರಲ್ಲಿ ಕೇಂದ್ರ ಮಾಡಿದ ಟ್ರಿಬ್ಯೂನಲ್ ಹೆಸರು ಏನು? ಮಹದಾಯಿ ಜಲ ವಿವಾದ ಟ್ರಿಬ್ಯೂನಲ್. ಮಾಂಡೋವಿ ಟ್ರಿಬ್ಯೂನಲ್ ಅಲ್ಲ.

ಪಣಜಿ ಕನ್ನಡಿಗ
ಟ್ರಿಬ್ಯೂನಲ್ ಮಾತು ನೀವೇ ತೆಗೆದಿರಿ, ಒಳ್ಳೆಯದಾಯಿತು. 2018ರ ಆಗಸ್ಟ್ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಸಿಕ್ಕಿದೆ. ಇನ್ನೂ ಯಾಕೆ ಅಳು?

ನವಲಗುಂದ ರೈತನ ಮಗ
ಅರ್ಧ ಓದಿ ಮಾತಾಡಬೇಡಿ. 13.42ರಲ್ಲಿ 8.02 ಕರೆಂಟ್ ಮಾಡಲಿಕ್ಕೆ. ಅದು ತಿರುಗಿ ನದಿಗೇ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಕೊಡುವ ಮಲಪ್ರಭೆಗೆ ತಿರುಗಿಸಲು ಕೊಟ್ಟಿದ್ದು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ಒಟ್ಟು 3.9. ನದಿಯಲ್ಲಿ 188 ಟಿಎಂಸಿ ನೀರು ಸಿಗುತ್ತದೆ ಅಂತ ಲೆಕ್ಕ ಹಾಕಿದ್ದು ಅದೇ ಟ್ರಿಬ್ಯೂನಲ್. ಅದರಲ್ಲಿ 3.9 ಕೂಡ ಇನ್ನೂ ನಮ್ಮ ಕಡೆ ಹರಿದಿಲ್ಲ. ಕಣಕುಂಬಿಗೆ ಹೋಗಿ ನೋಡಿ. ತೋಡಿದ ಕಾಲುವೆ ವರ್ಷಗಟ್ಟಲೆ ಹಾಗೇ ಬಿದ್ದಿದೆ. ತಂಗಿ, ನಿಮ್ಮ ಮನೆ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ? ಹೇಳು.

ಹುಬ್ಬಳ್ಳಿ ಹುಡುಗಿ
ನಮ್ಮ ಓಣಿಗೆ ವಾರಕ್ಕೊಮ್ಮೆ, ಅಣ್ಣ. ಬ್ಯಾರೆಲ್ ಇಲ್ಲದ ಮನೆ ಇಲ್ಲ. ನೀರು ಬಿಡುವ ದಿನ ರಾತ್ರಿ ಅಮ್ಮ ನಿದ್ದೆ ಮಾಡುವುದಿಲ್ಲ. ನಿಮ್ಮ ಹೋರಾಟದ ಬಗ್ಗೆ ನನಗೆ ಗೌರವ ಇದೆ. ಆದರೆ ನಾನು ಕೇಳಿದ್ದು ಬೋಟ್ ಬಗ್ಗೆ.

ನವಲಗುಂದ ರೈತನ ಮಗ
"ವಾರಕ್ಕೊಮ್ಮೆ". ಎಲ್ಲರೂ ಓದಿಕೊಳ್ಳಿ.

ಬೈಕ್ ಸವಾರ, ಬೆಂಗಳೂರು
ನಾನು ಬಿಯರ್ ಕುಡಿಯುವುದಕ್ಕೂ ಹುಬ್ಬಳ್ಳಿ ನಲ್ಲಿಗೂ ಏನು ಸಂಬಂಧ? ಬೋಟ್ ನಿಲ್ಲಿಸಿದರೆ ನೀರು ಬರುತ್ತದಾ?

ಪಣಜಿ ಕನ್ನಡಿಗ
188ರಲ್ಲಿ 3.9 ಅಂದರೆ ಕೇಳಲು ಚಿಕ್ಕದು. ಆ 188 ಮಳೆಗಾಲದ ನಾಲ್ಕು ತಿಂಗಳ ಲೆಕ್ಕ ಜಾಸ್ತಿ. ಏಪ್ರಿಲ್, ಮೇನಲ್ಲಿ ಬಂದು ನೋಡಿ. ಪಣಜಿಯಲ್ಲಿ ಈ ನದಿ ನೀರು ಬಾಯಿಗೆ ಹಾಕಿದರೆ ಉಪ್ಪು. ಉಬ್ಬರ ಬಂದಾಗ ಸಮುದ್ರ ಒಳಗೆ ಎಷ್ಟೋ ಮೈಲಿ ಏರುತ್ತದೆ. ಮೇಲಿಂದ ಸಿಹಿನೀರು ಕಡಿಮೆ ಬಂದಷ್ಟೂ ಉಪ್ಪು ಇನ್ನೂ ಮೇಲೆ ಹೋಗುತ್ತದೆ. ಇದೇ ನದಿಯ ಉಪನದಿ ಖಾಂಡೇಪಾರ್ ಮೇಲೆ ಓಪಾ ನೀರಿನ ಸ್ಥಾವರ ಇದೆ. ನನ್ನ ಮನೆಗೆ ನೀರು ಬರುವುದು ಅಲ್ಲಿಂದ. ನನ್ನ ಮಕ್ಕಳೂ ನೀರು ಕುಡಿಯುತ್ತಾರೆ, ರೀ.

ನವಲಗುಂದ ರೈತನ ಮಗ
ಖಾಂಡೇಪಾರ್ ಬೇರೆ, ಕಳಸಾ ಬೇರೆ. ಜನರನ್ನು ಗೊಂದಲ ಮಾಡಬೇಡಿ. ನೀವು ಎಲ್ಲಿಯವರು ಹೇಳಿ ಮೊದಲು. ಕನ್ನಡಿಗ ಅಂತ ಹೆಸರು ಇಟ್ಟುಕೊಂಡು ಅವರ ಪರ ಮಾತಾಡುತ್ತೀರಲ್ಲ.

ಪಣಜಿ ಕನ್ನಡಿಗ
ನಾನು ಎಲ್ಲಿಯವನು ಅಂತ ನಿಮ್ಮಿಂದ ಸರ್ಟಿಫಿಕೇಟ್ ಬೇಕಾಗಿಲ್ಲ. ಸವದತ್ತಿ ತಾಲ್ಲೂಕಿನಲ್ಲಿ ಹುಟ್ಟಿದ್ದು. ನಮ್ಮ ಅವ್ವ ಇನ್ನೂ ಅಲ್ಲೇ ಇದ್ದಾರೆ. ಹೊಟ್ಟೆಪಾಡಿಗೆ ಇಲ್ಲಿಗೆ ಬಂದೆ. ನೀವು ಆ ಕಡೆ ಧರಣಿ ಕೂತ ದಿನ ಇಲ್ಲಿ ನಮ್ಮನ್ನು ಹೇಗೆ ನೋಡುತ್ತಾರೆ ಗೊತ್ತಾ? ಎರಡೂ ಕಡೆಯಿಂದ ಬೈಸಿಕೊಳ್ಳುವವರು ನಾವು.

ವಿಜಯಪುರ ಮೇಷ್ಟ್ರು
ಇಬ್ಬರೂ ಸ್ವಲ್ಪ ತಡೆಯಿರಿ. ಹೆಸರಿನ ಜಗಳಕ್ಕಿಂತ ಮುಖ್ಯವಾದ ಒಂದು ವಿಷಯ ಬಿಟ್ಟುಹೋಗಿದೆ. ಬೋಟ್ ಹೊರಟ ಮೇಲೆ ಎಡಗಡೆ ದಡದಲ್ಲಿ ದೊಡ್ಡ ಬಿಳಿ ಕಟ್ಟಡ ಕಾಣುತ್ತದೆ. ಅದು ನಮ್ಮ ವಿಜಯಪುರದ ಆದಿಲ್ ಶಾಹಿಗಳ ಅರಮನೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಗೋವಾ ಹಿಡಿದ. 1759ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಹಳೆ ಗೋವಾ ಬಿಟ್ಟು ಅದೇ ಮನೆಗೆ ಬಂದು ಕೂತ. ಗೋವಾ ವಿಧಾನಸಭೆಯೂ ಎಷ್ಟೋ ವರ್ಷ ಅಲ್ಲೇ ನಡೆಯಿತು. ಬೋಟ್‌ನಲ್ಲಿ ಒಬ್ಬನಾದರೂ ಮೈಕ್ ಹಿಡಿದು ಇದನ್ನು ಹೇಳಿದನಾ? ಒಂದು ಗಂಟೆ ಹಾಡು ಹಾಕುವ ಬದಲು ಐದು ನಿಮಿಷ ಇತಿಹಾಸ ಹೇಳಲಿ.

ನವಲಗುಂದ ರೈತನ ಮಗ
ನೋಡಿ, ಮೇಷ್ಟ್ರು ಹೇಳಿದರು. ಅರಮನೆಯೂ ನಮ್ಮದೇ.

ವಿಜಯಪುರ ಮೇಷ್ಟ್ರು
ನಾನು ಹಾಗೆ ಹೇಳಲಿಲ್ಲ. ಆದಿಲ್ ಶಾಹಿಗಳಿಗೆ ಈಗಿನ ಗಡಿ ಗೊತ್ತಿರಲಿಲ್ಲ.

ಕಾರವಾರದವ
ಜಾಕೆಟ್ ಬಗ್ಗೆ ಒಬ್ಬರೂ ಮಾತಾಡಲಿಲ್ಲ. 2021ರಲ್ಲಿ ಒಳನಾಡು ಹಡಗುಗಳಿಗೆ ಹೊಸ ಕಾಯ್ದೆ ಬಂದಿದೆ. 1917ರ ಹಳೆಯದನ್ನು ತೆಗೆದು ಮಾಡಿದ್ದು. ಜೀವರಕ್ಷಣೆ ಸಾಮಾನು ಇಲ್ಲದೆ ಹಡಗು ಬಿಡುವ ಹಾಗಿಲ್ಲ. ಕುಡಿದವನಿಗೆ ಜಾಕೆಟ್ ಕಟ್ಟಿಕೊಳ್ಳಲು ಕೈ ಬರುತ್ತದಾ? ನಮ್ಮಪ್ಪ ನಲವತ್ತು ವರ್ಷ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ, ಆಗಿದ್ದರು. ದೋಣಿ ಹತ್ತುವ ದಿನ ಒಂದು ಹನಿ ಮುಟ್ಟುತ್ತಿರಲಿಲ್ಲ.

ಗದಗಿನ ಖಲಾಸಿ
ನಾನು ಇಂಥದ್ದೇ ಒಂದು ಬೋಟ್‌ನಲ್ಲಿ ಆರು ವರ್ಷದಿಂದ ಖಲಾಸಿ. ಹಗ್ಗ ಕಟ್ಟುವುದು, ಜನರನ್ನು ಕೈ ಹಿಡಿದು ಹತ್ತಿಸುವುದು, ಕೊನೆಗೆ ಡೆಕ್ ತೊಳೆಯುವುದು. ಕಾರವಾರದ ಅಣ್ಣ ಕೇಳಿದ್ದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಜಾಕೆಟ್ ಕುರ್ಚಿಗಳ ಹಿಂದಿನ ಪೆಟ್ಟಿಗೆಯಲ್ಲಿ ಇದೆ. ಎಲ್ಲರಿಗೂ ಹಾಕಿಸುವುದಿಲ್ಲ. ಹಾಕಿ ಅಂದರೆ ಸೆಕೆ ಅಂತ ಬೈಯುತ್ತಾರೆ, ಫೋಟೊ ಚೆನ್ನಾಗಿ ಬರಲ್ಲ ಅಂತಾರೆ. ಕುಡಿದವರು ಕಟಾಂಜನಕ್ಕೆ ಒರಗಿದರೆ ನಾನೇ ಹೋಗಿ ಹಿಂದೆ ಎಳೆಯುತ್ತೇನೆ. ಒಂದು ಸಂಜೆಗೆ ಹತ್ತು ಸಲ ಆದರೂ ಆಗುತ್ತದೆ.

ಅಕ್ಕ, ನಿಮ್ಮ ತಂದೆಯವರಿಗೆ ಆಗಿದ್ದು ತಪ್ಪು. ನಮ್ಮ ಬೋಟ್‌ನಲ್ಲಿ ಆಗಿದ್ದರೆ ನಾನು ಟವೆಲ್ ತಂದುಕೊಡುತ್ತಿದ್ದೆ, ಕುರ್ಚಿ ಮುಂದೆ ಹಾಕಿ ಕೂರಿಸುತ್ತಿದ್ದೆ. ಆದರೆ ಬಾರ್ ಮುಚ್ಚಿ ಅನ್ನಬೇಡಿ. ಟಿಕೆಟ್ ದುಡ್ಡು ಡೀಸೆಲ್‌ಗೇ ಸರಿಹೋಗುತ್ತದೆ ಅಂತ ಮಾಲೀಕರು ಹೇಳುತ್ತಾರೆ. ಸಂಬಳ ಬಾರ್‌ನಿಂದ. ನನ್ನ ಜೊತೆ ಹಾವೇರಿ, ಕೊಪ್ಪಳದ ಹುಡುಗರೂ ಇದ್ದಾರೆ.

ಬೈಕ್ ಸವಾರ, ಬೆಂಗಳೂರು
"ಬಾರ್ ಮುಚ್ಚಿ ಅನ್ನಬೇಡಿ." ಕೆಲಸ ಮಾಡುವವರೇ ಹೇಳಿದರು. ಇನ್ನೇನು ಬೇಕು? ಚರ್ಚೆ ಮುಗಿಯಿತು.

ಕಾರವಾರದವ
"ಎಲ್ಲರಿಗೂ ಹಾಕಿಸುವುದಿಲ್ಲ." ಅದನ್ನೂ ಅವರೇ ಹೇಳಿದರು. ಅದು ಕಣ್ಣಿಗೆ ಬೀಳಲಿಲ್ಲವಾ?

ಹುಬ್ಬಳ್ಳಿ ಹುಡುಗಿ
ಖಲಾಸಿ ಅಣ್ಣ, ನಿಮ್ಮ ಹೊಟ್ಟೆ ಮೇಲೆ ಹೊಡೆಯಬೇಕು ಅಂತ ನಾನು ಬರೆಯಲಿಲ್ಲ. ನಾನು ಕೇಳಿದ್ದು ದಿನಕ್ಕೆ ಒಂದೇ ಒಂದು ಟ್ರಿಪ್. ಟಿಕೆಟ್ ನೂರು ರೂಪಾಯಿ ಜಾಸ್ತಿ ಮಾಡಲಿ, ಕೊಡುತ್ತೇವೆ. ವಯಸ್ಸಾದವರು, ಮಕ್ಕಳು ಇರುವ ಮನೆಯವರು ಎಷ್ಟು ಜನ ಬರುತ್ತಾರೆ! ಆ ಸವಾರರಿಗೆ ಒಂದು ಮಾತು. ನಿಮ್ಮ ಅಪ್ಪನ ಪಂಚೆ ಮೇಲೆ ಬಿದ್ದಿದ್ದರೆ "ಚರ್ಚೆ ಮುಗಿಯಿತು" ಅನ್ನುತ್ತಿದ್ದಿರಾ?

ಬೈಕ್ ಸವಾರ, ಬೆಂಗಳೂರು
ಅಪ್ಪನ ತನಕ ಬರಬೇಡಿ. ನಮ್ಮಪ್ಪ ಹೋಗಿ ಎರಡು ವರ್ಷ ಆಯಿತು. ಕೊನೆಯ ಸಲ ಅವರ ಜೊತೆ ಕೂತು ಕುಡಿದದ್ದು ಅದೇ ನದಿ ಮೇಲೆ. ಇಬ್ಬರೂ ಒಂದೊಂದು ಬಿಯರ್, ಅಷ್ಟೇ. ಅವರು ಅಷ್ಟು ಆರಾಮಾಗಿ ನಕ್ಕಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಕುಡಿಯುವವರೆಲ್ಲ ಕೆಟ್ಟವರು ಅನ್ನುವ ಹಾಗೆ ಬರೆದರೆ ನನಗೂ ನೋವಾಗುತ್ತದೆ.

ಹುಬ್ಬಳ್ಳಿ ಹುಡುಗಿ
ಕೆಟ್ಟವರು ಅಂತ ನಾನು ಎಲ್ಲೂ ಬರೆದಿಲ್ಲ. ಮೇಲೆ ಹೋಗಿ ಇನ್ನೊಮ್ಮೆ ಓದಿ.

ಪಣಜಿ ಕನ್ನಡಿಗ
ಈ ಬೋಟ್‌ಗಳ ಬಿಯರ್ ದೊಡ್ಡ ವಿಷಯವೇ ಅಲ್ಲ. ನದಿ ನಡುವೆ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗುಗಳನ್ನು ನೋಡಿ. ರಾತ್ರಿ ಆದರೆ ನೀರಿನ ಮೇಲೆಲ್ಲ ಅವುಗಳದ್ದೇ ಲೈಟು. ಮೊದಲು ಈ ನದಿಯಲ್ಲಿ ಕಬ್ಬಿಣದ ಅದಿರು ತುಂಬಿದ ಬಾರ್ಜ್ ಸಾಲುಸಾಲಾಗಿ ಹೋಗುತ್ತಿತ್ತು, 2012ರಲ್ಲಿ ಗಣಿ ನಿಂತಿತು. ಈಗ ಜೂಜು. ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ನದಿ ನೋಡಬೇಕು ಅಂತ ಅಪ್ಪನಿಗೆ ಆಸೆ ಇದ್ದರೆ ಪಣಜಿಯಿಂದ ಬೆತಿಗೆ ಹೋಗುವ ಫೆರಿ ಹತ್ತಿಸಮ್ಮ. ನಡೆದು ಹತ್ತುವವರಿಗೆ ಕಾಸಿಲ್ಲ. 1986ರಲ್ಲಿ ಮಾಂಡೋವಿ ಸೇತುವೆ ಬಿದ್ದಾಗ ಊರಿನ ಜನರನ್ನು ದಾಟಿಸಿದ್ದು ಫೆರಿಗಳೇ. ಇಲ್ಲವಾದರೆ ರಿಬಂದರ್‌ನಿಂದ ಚೋರಾಂವ್‌ಗೆ ಹೋಗಿ. ಆ ಕಡೆ ಕಾಂಡ್ಲಾ ಕಾಡು, ಸಲೀಂ ಅಲಿ ಪಕ್ಷಿಧಾಮ. ಡಿಜೆ ಇಲ್ಲ, ಬಾರ್ ಇಲ್ಲ.

ನವಲಗುಂದ ರೈತನ ಮಗ
ಕಬ್ಬಿಣದ ಅದಿರಿನ ಬಾರ್ಜ್ ಓಡುವಾಗ ನದಿ ಹಾಳಾಗಲಿಲ್ಲ, ಕ್ಯಾಸಿನೊ ನಿಂತರೆ ಹಾಳಾಗಲ್ಲ, ನಾವು ಕುಡಿಯಲು 3.9 ಕೇಳಿದರೆ ಮಾತ್ರ ಹಾಳಾಗುತ್ತದೆ. ಇದಕ್ಕೆ ಉತ್ತರ ಕೊಡಿ, ಸವದತ್ತಿಯವರೇ.

ಪಣಜಿ ಕನ್ನಡಿಗ
ಹಾಳಾಗಲಿಲ್ಲ ಅಂತ ನಾನು ಯಾವಾಗ ಅಂದೆ? ನಿಮ್ಮ ಹತ್ತಿರ ಮಾತಾಡುವುದು ಇಲ್ಲಿಗೆ ಸಾಕು.

ವಿಜಯಪುರ ಮೇಷ್ಟ್ರು
ಅರಮನೆ ಪಕ್ಕದಲ್ಲೇ ಅಬೆ ಫರಿಯಾ ಪ್ರತಿಮೆ ಇದೆ. ಸಂಮೋಹನ ವಿದ್ಯೆಗೆ ಹೆಸರಾದ ಗೋವಾದ ಪಾದ್ರಿ. ಫೆರಿ ಹತ್ತುವ ಮೊದಲು ಮಗುವಿಗೆ ತೋರಿಸಿ.

ಹುಬ್ಬಳ್ಳಿ ಹುಡುಗಿ
ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಫೆರಿ ಮಾತು ಬಂದಾಗ "ಮುಂದಿನ ಸಲ ಅದರಲ್ಲೇ ಹೋಗೋಣ" ಅಂದರು. ನಾನು ಮಾತ್ರ ಬಾರ್ ಇಲ್ಲದ ಟ್ರಿಪ್ ಬೇಕು ಅನ್ನುವುದನ್ನು ಬಿಡುವುದಿಲ್ಲ. ಆ ಬೋಟ್‌ನವರಿಗೂ ಬರೆದು ಕಳಿಸಿದ್ದೇನೆ.

ಗದಗಿನ ಖಲಾಸಿ
ಬರುವ ಮೊದಲು ಇಲ್ಲಿ ಒಂದು ಮಾತು ಹಾಕಿ ಅಕ್ಕ. ಡ್ಯೂಟಿ ಇಲ್ಲದಿದ್ದರೆ ನಾನೇ ಜೆಟ್ಟಿಗೆ ಬರುತ್ತೇನೆ. ಇಳಿತ ಇದ್ದಾಗ ಮೆಟ್ಟಿಲು ಜಾರುತ್ತದೆ, ಹಿರಿಯರಿಗೆ ಕೈ ಕೊಡಬೇಕು.

ಕಾರವಾರದವ
ಫೆರಿಯಲ್ಲೂ ಜಾಕೆಟ್ ಎಲ್ಲಿದೆ ಅಂತ ಕೇಳಿಯೇ ಹತ್ತಿ. ಮಗುವಿನ ಅಳತೆಯದ್ದು ಇದೆಯಾ ಅಂತಲೂ ಕೇಳಿ.