ಹಳದಿ ಮ್ಯಾಗ್ನೋಲಿಯಾ ಹುಬ್ಬಳ್ಳ್ಯಾಗ ಬರತದೇನ್ರಿ?

ಪ್ರಶ್ನೆ (ಕೇಶ್ವಾಪುರ, ಹುಬ್ಬಳ್ಳಿ): ಸರ್, ನಮಸ್ಕಾರ. ಮೊಬೈಲ್‌ನ್ಯಾಗ ‘ಎಲಿಜಬೆತ್’ ಅನ್ನೋ ಹಳದಿ ಮ್ಯಾಗ್ನೋಲಿಯಾ ನೋಡಿದೆ. ಎಲಿ ಒಂದೂ ಇಲ್ಲ, ಗಿಡದ ತುಂಬ ಬರೇ ಹೂವ! ನಮ್ಮದು 30×40 ಸೈಟು, ಮುಂದ 10 ಫೂಟು ಜಾಗ ಐತಿ. ಎರಿ ಮಣ್ಣು. ಆನ್‌ಲೈನ್‌ನ್ಯಾಗ ಸಸಿ ತರಿಸಿ ಹಚ್ಚಲೇನ್ರಿ?

ಉತ್ತರ: ಬ್ಯಾಡ್ರಿ, ರೊಕ್ಕ ದಂಡ. ಅದು ಅಮೆರಿಕದ ಬ್ರೂಕ್ಲಿನ್ ಬೊಟಾನಿಕ್ ಗಾರ್ಡನ್‌ನ್ಯಾಗ ಹುಟ್ಟಿದ ಮಿಶ್ರತಳಿ. ಚಳಿಗಾಲದಾಗ ಎಲಿ ಉದುರಿಸಿ ಛಲೋ ಥಂಡಿ ತಿಂದ ಮ್ಯಾಲ ಅದು ಹೂವ ಬಿಡೋದು. ನಮ್ಮ ಡಿಸೆಂಬರ್ ಥಂಡಿ ಅದಕ್ಕ ಎಲ್ಲಿ ಸಾಲತದ? ಮ್ಯಾಲ ಏಪ್ರಿಲ್ ಬಿಸಲು ಬ್ಯಾರೆ.

ಹಳದಿ ಮ್ಯಾಗ್ನೋಲಿಯಾನ ಬೇಕಂದ್ರ ಸಂಪಿಗಿ ಹಚ್ಚರಿ. ಅದೂ ಮ್ಯಾಗ್ನೋಲಿಯಾನ, ಮ್ಯಾಗ್ನೋಲಿಯಾ ಚಂಪಕ. ಹೂವ ಸಣ್ಣವು, ಎಲಿ ಸಂದ್ಯಾಗ ಅಡಗಿರ್ತಾವು, ಫೋಟೋದಾಗ ಅಷ್ಟು ಎದ್ದು ಕಾಣಂಗಿಲ್ಲ. ವಾಸನಿ ಮಾತ್ರ ಓಣಿಗೆಲ್ಲ.

ಕಸಿ ಗಿಡಾನ ತಗೋರಿ. ಎರಡು-ಮೂರು ವರ್ಷದಾಗ ಹೂವ ಬಿಡ್ತದ, ಸವರಿದ್ರ ಸಣ್ಣ ಜಾಗದಾಗೂ ಇಟ್ಕೋಬಹುದು. ಬೀಜದ ಗಿಡ ದೊಡ್ಡ ಮರ ಆಗ್ತದ, 10 ಫೂಟಿನ್ಯಾಗ ಹಿಡಿಯಂಗಿಲ್ಲ. ತರೋ ಮುಂದ ಬುಡದ ಹತ್ರ ಕಸಿ ಗಂಟು ಐತೇನಂತ ಬಟ್ಟಲೆ ಮುಟ್ಟಿ ನೋಡ್ರಿ. ಹಚ್ಚಿದ ಮ್ಯಾಲ ಗಂಟಿನ ಕೆಳಗ ಚಿಗುರು ಬಂದ್ರ ಚಿವುಟಿ ಒಗೀರಿ, ಇಲ್ಲಾಂದ್ರ ಅದಾ ಜೋರಾಗಿ ಕಸಿ ಕೊಂಬಿ ಹಿಂದ ಬೀಳ್ತದ.

ಇನ್ನ ಮಣ್ಣಿಂದು. ಎರಿಯೊಳಗ ಆಳಕ್ಕ ತೆಗ್ಗು ತಗದು ಮಸಾರಿ ತುಂಬಿದ್ರ ಆತು ಅಂತ ಭಾಳ ಮಂದಿ ತಿಳ್ಕೊಂಡಾರ. ಮಳಿಗಾಲದಾಗ ಸುತ್ತಲಿನ ನೀರೆಲ್ಲ ಆ ತೆಗ್ಗಿಗೆ ಇಳೀತದ. ಎರಿ ಅದನ್ನ ಹೊರಗ ಬಿಡಂಗಿಲ್ಲ, ಬೇರು ಕೊಳೀತಾವು. ಅದರ ಬದಲಿ ಎರಿ, ಮಸಾರಿ, ಹಳೆ ತಿಪ್ಪಿಗೊಬ್ಬರ ಕಲಸಿ ಒಂದೂವರೆ ಫೂಟು ಎತ್ತರ, ನಾಕೈದು ಫೂಟು ಅಗಲ ದಿಬ್ಬ ಮಾಡಿ ಅದರ ಮ್ಯಾಲ ಹಚ್ಚರಿ. ಬ್ಯಾಸಿಗ್ಯಾಗ ಬುಡಕ್ಕ ಒಣ ಎಲಿ ಹೊದಿಸ್ರಿ. ಸೆಪ್ಟಿಕ್ ಟ್ಯಾಂಕಿನ ಹತ್ರ ಮಾತ್ರ ಬ್ಯಾಡ.

ಇನ್ನೊಬ್ಬರು (ಧಾರವಾಡ): ನಮ್ಮದು ಬೀಜದಿಂದ ಬಂದ ಸಂಪಿಗಿ, ಐದು ವರ್ಷ ಆತು. ಒಂದು ಹೂವಿಲ್ಲ. ಕಡದು ಬಿಡು ಅಂತಾಳ ನಮ್ಮವ್ವ.

ಉತ್ತರ: ಅವ್ವಾರಿಗೆ ಸ್ವಲ್ಪ ತಡೀರಿ ಅನ್ರಿ. ಬೀಜದ ಗಿಡ ಏಳೆಂಟು ವರ್ಷ ಕಾಯಿಸ್ತದ, ಒಮ್ಮೊಮ್ಮೆ ಇನ್ನೂ ಹೆಚ್ಚು. ಯೂರಿಯಾ ಹಾಕ್ತಿದ್ರ ನಿಲ್ಲಸ್ರಿ, ಬರೇ ಎಲಿ ಬೆಳೀತದ. ಕೊಂಬಿ ಮ್ಯಾಲ ಹುಣ್ಣಿನ ಹಕ್ಕಳಿಗತೆ ಏನರ ಅಂಟಿದ್ರ ಅದು ಶಲ್ಕ ಕೀಟ. ಹಳೆ ಬ್ರಶ್‌ಲೆ ತಿಕ್ಕಿ, ಬೇವಿನೆಣ್ಣಿ ಸಾಬೂನಿನ ನೀರಾಗ ಕಲಸಿ ಸಂಜಿಮುಂದ ಹೊಡೀರಿ.